ಬೇಬಾಕಿ ಪತ್ರ

ಮನಾಮದಲ್ಲಿ ಜೂನ್ ಅಂದರೆ
ಲಿಫ್ಟಿನ ಕನ್ನಡಿಯೂ ಬೆವರುತ್ತದೆ.
ಹನ್ನೊಂದನೆಯ ಮಹಡಿಯಲ್ಲಿ ಮಾತ್ರ ಚಳಿ.
ಮಾಮ ಕೊಟ್ಟ ಶಾಲು ಹೊದ್ದು
ಕಡತಗಳಿಗೆ ಪುಟಸಂಖ್ಯೆ ಬರೆಯುತ್ತೇನೆ.
ಕೊರಳ ಕಾರ್ಡಿನಲ್ಲಿ ನನ್ನ ಹೆಸರು ಚಿಕ್ಕದು,
ಅದರ ಕೆಳಗಿನ ‘ತಾತ್ಕಾಲಿಕ’ ದೊಡ್ಡದು.

ಇಲ್ಲಿ ಕಡತ ಬಲದಿಂದ ಬಿಚ್ಚುತ್ತದೆ.
ಮೊದಲ ವಾರವೆಲ್ಲ ತೀರ್ಪಿನಿಂದ ಶುರುಮಾಡಿ
ದೂರಿನ ಕಡೆಗೆ ಓದಿದೆ.
ಉಳ್ಳಾಲದ ಮದರಸದಲ್ಲಿ ಉಸ್ತಾದರು
ಅಲಿಫ್ ಬಾ ತಿದ್ದಿಸಿದ್ದು ನಿಜ;
ಓದಲು ಬರುತ್ತದೆ, ಅರ್ಥ ಬರುವುದಿಲ್ಲ.
ಅಲ್ಲಿ ಅಕ್ಷರದ ಮೇಲೆ ಕೆಳಗೆ ಗುರುತುಗಳಿದ್ದವು,
ನಾಲಗೆ ಜಾರಿದರೆ ಹಿಡಿಯಲು.
ಕರಾರು ಪತ್ರಕ್ಕೆ ಅವೂ ಇಲ್ಲ,
ಬೋಳು ವ್ಯಂಜನಗಳು,
ಸ್ವರ ಗೊತ್ತಿದ್ದವರಿಗೆ ಮಾತ್ರ ಬಾಯಿ ಬಿಡುತ್ತವೆ.

ಗುಮಾಸ್ತ ಅಬು ಯಾಕೂಬ್‌ಗೆ ಅರವತ್ತೆಂಟು.
ಏಲಕ್ಕಿ ಕಾಫಿ ಸುರಿಯುತ್ತ, ಹರಕು ಹಿಂದಿಯಲ್ಲಿ
ನನ್ನೂರ ಕೋರ್ಟಿನ ಮಾತು ಕೇಳುತ್ತಾರೆ.
ಹೇಳುತ್ತೇನೆ: ವಕೀಲ, ತಕರಾರು, ನಕಲು, ಹಾಜರು.
ನಗುತ್ತಾರೆ: ಇದೆಲ್ಲ ನಮ್ಮ ಮನೆಯ ಸಾಮಾನು,
ಯಾವಾಗ ಕೊಂಡುಹೋದಿರಿ?
ಆದರೆ ವಕೀಲ ಅಂದರೆ ಇಲ್ಲಿ ಬರೀ ಏಜೆಂಟು.
ತಕರಾರು ಅಂದರೆ, ಹೇಳಿದ್ದನ್ನೇ
ಮತ್ತೆ ಹೇಳುವುದು.
ನಮ್ಮಲ್ಲೂ ಹಾಗೇ, ಅಂದೆ.

ಜುಲೈ. ಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವಂತಿಲ್ಲ.
ಎದುರಿನ ಅರೆಕಟ್ಟಿದ ಗೋಪುರದ ನೆರಳಿನಲ್ಲಿ
ನೀಲಿ ಅಂಗಿಗಳು ಸಾಲಾಗಿ ಮಲಗುತ್ತವೆ.
ಅವುಗಳಲ್ಲೊಂದು ಎದ್ದು, ಲಿಫ್ಟು ಹತ್ತಿ
ನಮ್ಮ ಬಾಗಿಲಿಗೆ ಬಂತು:
ಹುಲಿಗೆಪ್ಪ, ಕುಷ್ಟಗಿ ಕಡೆಯವನು, ಟೈಲ್ಸ್ ಕೆಲಸ.
ಚಪ್ಪಲಿ ಹೊರಗೇ ಬಿಟ್ಟಿದ್ದ.
ಕಾರ್ಪೆಟ್ಟಿನ ಮೇಲೆ ಸಿಮೆಂಟಿನ ಹೆಜ್ಜೆ.

“ನಿನ್ನ ಭಾಷೆಯಂತೆ,” ಅಂದರು ಮೇಡಂ,
“ಓದಿ ಹೇಳು, ಸಹಿ ಹಾಕಿಸು.”
ಕಂಪನಿ ನಮ್ಮ ಕಕ್ಷಿದಾರ.
ಅದರ ಕಡತಕ್ಕೆ ಪುಟಸಂಖ್ಯೆ ಬರೆದದ್ದು ನಾನೇ,
ಒಂದರಿಂದ ಇನ್ನೂರ ಹನ್ನೆರಡರವರೆಗೆ,
ಅಂದವಾದ ಅಂಕಿಗಳಲ್ಲಿ.

ಓದಿದೆ. ಪುಸ್ತಕದ ಕನ್ನಡದಲ್ಲಿ ಓದಿದೆ:
‘ಸದರಿ ನೌಕರನು ತನಗೆ ಸಲ್ಲತಕ್ಕ
ಸಮಸ್ತ ಮೊಬಲಗನ್ನು ಪಡೆದಿದ್ದು
ಇನ್ನು ಮುಂದೆ ಯಾವ ಬಾಕಿಯೂ...’
ಅವನು ತಲೆ ಎತ್ತಿದ.
“ಇಲ್ರೀ ಅಕ್ಕಾರ. ಏಳು ತಿಂಗಳದ್ದು ಬಾಕಿ ಐತಿ.”

ಮೇಡಂ ಇಂಗ್ಲಿಷಿಗಾಗಿ ನನ್ನ ಮುಖ ನೋಡಿದರು.
ಉಗುಳು ನುಂಗಿದೆ, ಪದ ಹುಡುಕಿದೆ,
ಮೆತ್ತನೆಯದೊಂದು, ಕಂಪನಿಗೆ ಚುಚ್ಚದಂಥದು.
ಅಷ್ಟರಲ್ಲಿ ಮೂಲೆಯಿಂದ ಅಬು ಯಾಕೂಬ್:
“ಬಾಕಿ?”
“ಬಾಕಿ,” ಅಂದ ಹುಲಿಗೆಪ್ಪ, ಏಳು ಬೆರಳು ತೋರಿಸಿ.
ಅವುಗಳಲ್ಲೊಂದಕ್ಕೆ ಉಗುರಿರಲಿಲ್ಲ.

ಇಬ್ಬರ ನಡುವೆ ನನ್ನ ಕುರ್ಚಿ
ಸುಮ್ಮನೆ ಇತ್ತು.
ಮುದುಕ ಮೊಹರಿನ ಡಬ್ಬಿ ಮುಚ್ಚಿದರು.
ಟಕ್ಕೆಂದಿತು, ಅಷ್ಟೇ.
ಮೇಡಂ ಗಡಿಯಾರ ನೋಡಿ
“ಭಾನುವಾರ ಬರಲಿ” ಅಂದರು.
ಇಲ್ಲಿ ವಾರ ಶುರುವಾಗುವುದು ಭಾನುವಾರ.
ನನ್ನದು ಮುಗಿಯುವುದು ಗುರುವಾರ.

ಸಹಿಗೆಂದು ಕೊಟ್ಟ ಪೆನ್ನನ್ನು
ಎರಡೂ ಕೈಯಲ್ಲಿ ನನಗೆ ಮರಳಿಸಿ
“ನಿಮ್ಮದು ಯಾವೂರ್ರೀ?” ಅಂದ.
ಮಂಗಳೂರು, ಅಂದೆ.
“ಅಲ್ಲಿ ಸಮುದ್ರ ಐತಲ್ರೀ,” ಅಂದ,
ಈ ದ್ವೀಪದಲ್ಲಿ ಇಲ್ಲವೇನೋ ಎಂಬಂತೆ.

ರಾತ್ರಿ ಮುಹರ್ರಕ್‌ನಲ್ಲಿ, ಕೋಲ್ಡ್ ಸ್ಟೋರಿನ ಕೌಂಟರಿನಲ್ಲಿ
ಮಾಮ ಕಡದ ಲೆಕ್ಕ ಬರೆಯುತ್ತಿದ್ದರು:
ಹಸಿರು ಬಾಗಿಲು, ಹಾಲು ಎರಡು.
ನೇಪಾಳದ ಕುಳ್ಳ, ಬ್ರೆಡ್ಡು, ಸಿಗರೇಟು.
ಸಹಿ ಇಲ್ಲ, ಮೊಹರು ಇಲ್ಲ.
“ಕೊಡದಿದ್ದರೆ?” ಅಂದೆ.
“ಬರೆದಿದೆಯಲ್ಲ,” ಅಂದರು, ಶಟರ್ ಎಳೆಯುತ್ತ.

ಗುರುವಾರ ಪ್ರಮಾಣಪತ್ರ ಕೈಗೆ ಬಂತು: ಕೆಲಸ ತೃಪ್ತಿಕರ.
ಕಾರ್ಡು ಕೊಟ್ಟೆ, ಲಾಕರಿನ ಕೀಲಿ ಕೊಟ್ಟೆ.
ಕೊನೆಗೊಂದು ಹಾಳೆ: ಯಾರಿಂದ ಯಾರಿಗೂ
ಏನೂ ಬಾಕಿ ಇಲ್ಲ. ಸಹಿ ಮಾಡಿ.
ಅಬು ಯಾಕೂಬ್ ಆ ದಿನ ಗೈರು.
ಮಾಡಿದೆ.

ಕಾಲೇಜಿನ ವರದಿ ಎಂಟು ಪುಟ.
ಕಲಿತದ್ದು: ಕಡತ ಜೋಡಣೆ, ಕರಡು ಪರಿಶೀಲನೆ,
ಕಕ್ಷಿದಾರರೊಡನೆ ವ್ಯವಹಾರ.
ಎಲ್ಲವನ್ನೂ ಆ ಕಚೇರಿಯ ಪೆನ್ನಿನಲ್ಲೇ ಬರೆದೆ,
ಹಿಂದಿರುಗಿಸಲು ಮರೆತು ತಂದದ್ದು.
ಮರೆತು, ಅಂತಲೇ ಇಟ್ಟುಕೊಳ್ಳೋಣ.